ಮಾವನವರ ರಿವಾಲ್ವರಿಗೊಂದು ದಿಂಬು

ನಮ್ಮ ಮನೆಯ ಹಾಲಿನ ಬಾಗಿಲಿಗೂ ಗಾಳಿಗೂ ಮೊದಲಿನಿಂದಲೂ ಆಗಿಬರುವುದಿಲ್ಲ. ಸ್ವಲ್ಪ ಬೀಸಿದರೆ ಸಾಕು, ಧಡ್ ಎಂದು ಬಡಿದುಕೊಂಡು ತನ್ನ ಸಿಟ್ಟನ್ನು ಕೆಳಗಿನ ಮನೆಯವರಿಗೂ ತಿಳಿಸುತ್ತದೆ. ಅದಕ್ಕೆಂದು ಬಾಗಿಲ ಬುಡದಲ್ಲಿ ಒಂದು ಖಾಕಿ ಚೀಲ ಇಟ್ಟಿದ್ದೇನೆ. ಒಂದು ಗೇಣು ಉದ್ದ, ಅದರರ್ಧ ಅಗಲ, ಒಳಗೆ ಗಟ್ಟಿಯಾಗಿ ತುಂಬಿದ ಉಸುಕು, ಮೇಲೊಂದು ಚರ್ಮದ ತುಂಡು. ಮೊನ್ನೆ ಎದುರು ಫ್ಲ್ಯಾಟಿಗೆ ಹೊಸದಾಗಿ ಬಂದ ಹುಡುಗಿ ಕಾಫಿಗೆ ಬಂದವಳು ಅದನ್ನು ಕಾಲಿನಿಂದ ಮುಟ್ಟಿ ನೋಡಿ, "ಇದೇನು ಆಂಟಿ, ಚೆಂದ ಹೊಲಿದೀರಿ" ಎಂದಳು. "ಅದು ರಿವಾಲ್ವರಿನ ದಿಂಬಮ್ಮಾ" ಎಂದೆ. ಪಾಪ, ಕಾಫಿಯನ್ನು ಎರಡೇ ಗುಟುಕಿಗೆ ಮುಗಿಸಿ ಎದ್ದುಹೋದಳು. ಆವತ್ತಿನಿಂದ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ನನಗೆ ಭಾರೀ ಮರ್ಯಾದೆ.

ನೀವೂ ಹಾಗೆ ಎದ್ದುಹೋಗುವ ಮೊದಲು ಹೇಳಿಬಿಡುತ್ತೇನೆ. ರಿವಾಲ್ವರ್ ನನ್ನದಲ್ಲ, ನನ್ನ ಮಾವನವರದು. ನನ್ನದೇನಿದ್ದರೂ ದಿಂಬು.

ಮಾವನವರದು ಕಲಬುರಗಿ ಕಡೆಯ ಮನೆತನ. ಅವರ ತಂದೆಯ ಕಾಲದಲ್ಲೇ ನೌಕರಿಗೆಂದು ಹೈದರಾಬಾದಿಗೆ ಬಂದವರು. ಮುಂದೆ ರಾಜ್ಯಗಳು ಬೇರೆಯಾದಾಗ ಊರು ಕರ್ನಾಟಕಕ್ಕೆ ಹೋಯಿತು, ಸರ್ವಿಸ್ ಬುಕ್ಕು ಆಂಧ್ರದಲ್ಲಿ ಉಳಿಯಿತು. ಬುಕ್ಕು ಇದ್ದಲ್ಲಿ ಇವರೂ ಉಳಿದರು. ಬೀದಿಯಲ್ಲಿ ತೆಲುಗು, ಗೆಳೆಯರ ಜೊತೆ ದಖನಿ ಉರ್ದು, ಊಟದ ತಟ್ಟೆಯ ಮುಂದೆ ಮಾತ್ರ ಕನ್ನಡ. ಅಬಕಾರಿ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿ ಊರೂರು ತಿರುಗುವಾಗ ಲೈಸೆನ್ಸು ಮಾಡಿಸಿ ಒಂದು ರಿವಾಲ್ವರ್ ಕೊಂಡಿದ್ದರಂತೆ. ಅದರಿಂದ ಒಂದು ಗುಬ್ಬಚ್ಚಿಯನ್ನೂ ಹೆದರಿಸಿದವರಲ್ಲ. ಭಾನುವಾರ ಬೆಳಿಗ್ಗೆ ಊರಾಚೆಯ ಶೂಟಿಂಗ್ ಕ್ಲಬ್ಬಿಗೆ ಹೋಗಿ ಕಾಗದಕ್ಕೆ ಗುರಿಯಿಟ್ಟು ಹೊಡೆಯುವುದು, ಕಾಗದವನ್ನು ಸುರುಳಿ ಸುತ್ತಿ ಮನೆಗೆ ತಂದು ನಮಗೆಲ್ಲ ತೋರಿಸುವುದು, ಇಷ್ಟೇ ಅವರ ಬೇಟೆ.

ನಾನು ಮದುವೆಯಾಗಿ ಹೈದರಾಬಾದಿನ ಕೂಕಟ್‌ಪಲ್ಲಿಯ ಈ ಮನೆಗೆ ಬಂದಾಗ ಭಾನುವಾರವೆಂದರೆ ನನಗೆ ಎದೆ ಡವಡವ. ಬೆಳಗಿನ ಚಹಾ ಆದೊಡನೆ ಹಾಲಿನಲ್ಲಿ ಹಳೆಯ ಪೇಪರು ಹಾಸಿ, ರಿವಾಲ್ವರನ್ನು ಬಿಚ್ಚಿಟ್ಟುಕೊಂಡು ಕೂರುತ್ತಿದ್ದರು. ಎಣ್ಣೆಯ ವಾಸನೆ ಅಡಿಗೆಮನೆಯವರೆಗೆ ಬರುತ್ತಿತ್ತು. ಒರೆಸಲು ಬಟ್ಟೆಚೂರು ಬೇಕು. ಅದಕ್ಕೆ ಅವರದೇ ಹಳೆಯ ಧೋತರ ಹರಿದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಎರಡು ಬೆರಳಿನಲ್ಲಿ ಚೂರುಗಳನ್ನು ಹಿಡಿದು ದೂರದಿಂದಲೇ ಚಾಚುತ್ತಿದ್ದೆ. ಅತ್ತೆಯವರು ಅದನ್ನು ನೋಡಿ, "ಹಾವಿಗೆ ಹಾಲೆರಿಯೋ ಹಂಗ ಮಾಡ್ತೀಯಲ್ಲ ಗಿರಿಜಾ, ಅದರಾಗ ಗುಂಡಿಲ್ಲ, ಬಾ ಹತ್ತರ" ಎಂದು ನಗುತ್ತಿದ್ದರು. ಅತ್ತೆಗೆ ಜಗತ್ತಿನಲ್ಲಿ ಹೆದರಿಕೆ ಇದ್ದದ್ದು ಹಾಲು ಒಡೆಯುವುದಕ್ಕೆ ಮಾತ್ರ.

ಹಾಲು ಎಂದಾಗ ನೆನಪಾಯಿತು. ಮದುವೆಯಾದ ಮೂರನೆಯ ದಿನ ಒಲೆಯ ಮೇಲೆ ಹಾಲಿಟ್ಟು ಕಿಟಕಿಯಿಂದ ಬೀದಿ ನೋಡುತ್ತ ನಿಂತುಬಿಟ್ಟಿದ್ದೆ. ಎರಡು ಸೇರು ಹಾಲು ಕಟ್ಟೆಯಿಂದಿಳಿದು ನೆಲಕ್ಕೆ ಹರಿಯಿತು. ಮಾವನವರು ಬಂದರು. ಅವರು ನೌಕರಿಯ ಕೊನೆಯ ವರ್ಷಗಳಲ್ಲಿ ಇಲಾಖಾ ವಿಚಾರಣೆಗಳನ್ನು ನಡೆಸುತ್ತಿದ್ದ ಅಧಿಕಾರಿ. ಯಾರ ಮೇಲೆ ಆರೋಪ ಬಂದರೂ ಸಾಕ್ಷಿ ಕೇಳಿ, ಕಾಗದ ನೋಡಿ ವರದಿ ಬರೆಯುವುದೇ ಕೆಲಸ. ಆ ಚಟ ಮನೆಗೂ ಬಂದಿತ್ತು. ಒಲೆಯನ್ನು ಬಗ್ಗಿ ನೋಡಿದರು, ಪಾತ್ರೆಯನ್ನು ತಲೆಕೆಳಗು ಮಾಡಿ ನೋಡಿದರು, ನನ್ನನ್ನು ನೋಡಿದರು. ನಾನು ಅಳುವುದಕ್ಕೆ ತಯಾರಾಗಿದ್ದೆ. ಕೊನೆಗೆ ಗಂಭೀರವಾಗಿ, "ಈ ಪಾತೇಲಿ ತಳ ಡೊಂಕೈತಿ. ಹುಡುಗೀದೇನೂ ತಪ್ಪಿಲ್ಲ" ಎಂದು ತೀರ್ಪು ಕೊಟ್ಟು ಹೊರಟುಹೋದರು. ಆ ಪಾತ್ರೆಯ ತಳ ನೇರವಾಗಿಯೇ ಇತ್ತು. ಅದು ಅವರಿಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು. ಈ ಮನೆಯಲ್ಲಿ ಏನೇ ತಪ್ಪಾದರೂ ಅದು ಯಾವುದೋ ಸಾಮಾನಿನ ತಪ್ಪು, ಮನುಷ್ಯರದಲ್ಲ. ನನಗೆ ಆವತ್ತೇ ಮಾವನವರ ಮೇಲೆ ಪ್ರೀತಿ ಹುಟ್ಟಿತು.

ಇಂಥ ಮನುಷ್ಯ ತನ್ನ ವಿಷಯದಲ್ಲೂ ಹಾಗೇ ತೀರ್ಪು ಕೊಡಲು ಶುರುಮಾಡಿದ್ದು ನಮಗೆ ತಡವಾಗಿ ಗೊತ್ತಾಯಿತು. ಅವರು ನಿವೃತ್ತರಾಗಿ ಎಷ್ಟೋ ವರ್ಷಗಳಾಗಿದ್ದವು, ನನ್ನ ಮಗನಿಗೆ ಆಗ ಏಳು ತುಂಬಿತ್ತು. ಮೊದಲು ಪೆನ್ನು. "ಈಗಿನ ನಿಬ್ಬು ಸುಮಾರದಾವ" ಎಂದರು, ಸಹಿ ಅಂಕುಡೊಂಕಾಗಿತ್ತು. ಆಮೇಲೆ ಗಡ್ಡ ಹೆರೆಯುವ ಬ್ಲೇಡು, ಗಲ್ಲದ ಮೇಲೆ ಎರಡು ಗಾಯ. ಆಮೇಲೆ ಅಂಗಿಯ ಗುಂಡಿಮನೆಗಳನ್ನು ದರ್ಜಿ ಸಣ್ಣ ಮಾಡಿದ್ದಾನೆ ಎಂದರು. ಸ್ಕೂಟರಿನ ಕ್ಲಚ್ಚು ಬಿಗಿಯೆಂದು ಸ್ಕೂಟರನ್ನೇ ಬಿಟ್ಟರು. ಚಹಾ ಕೊಟ್ಟರೆ "ಅಲ್ಲೇ ಇಡು, ಆರಲಿ" ಎನ್ನುತ್ತಿದ್ದರು. ಬಲಗೈ ಯಾವಾಗಲೂ ಪೈಜಾಮದ ಕಿಸೆಯಲ್ಲಿ. ಒಂದು ದಿನ ಮೊಮ್ಮಗನಿಗೆ ಸೂಜಿಯಲ್ಲಿ ದಾರ ಪೋಣಿಸಿಕೊಡಲು ಕೂತಾಗ ನಾನು ಆ ಕೈಯನ್ನು ಸರಿಯಾಗಿ ನೋಡಿದೆ. ಸೂಜಿ ಒಂದು ಕಡೆ, ದಾರ ಒಂದು ಕಡೆ. ಕೈ ನಡುಗುತ್ತಿತ್ತು.

ನಮ್ಮವರು, ಅಂದರೆ ನನ್ನ ಗಂಡ, ತಂದೆಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕೆಂದು ಹಟ ಹಿಡಿದರು. ಮಾವನವರು ಬಿಲ್‌ಕುಲ್ ಒಪ್ಪಲಿಲ್ಲ. ಅಷ್ಟರಲ್ಲಿ ಭಾನುವಾರದ ಕಾಗದಗಳೂ ಕೆಟ್ಟಿದ್ದವು. ಮೊದಲೆಲ್ಲ ತೂತುಗಳು ನಡುವಿನ ಕಪ್ಪು ವೃತ್ತದ ಸುತ್ತಲೇ ಇರುತ್ತಿದ್ದವು. ಈಗ ಮೂಲೆಗೊಂದು, ಅಂಚಿಗೊಂದು. ಒಂದು ಭಾನುವಾರ ಆರು ಗುಂಡು ಹೊಡೆದು ನಾಲ್ಕೇ ತೂತಿನ ಕಾಗದ ತಂದರು. ಉಳಿದ ಎರಡು ಎಲ್ಲಿಗೆ ಹೋದವೆಂದು ಯಾರೂ ಕೇಳಲಿಲ್ಲ. ಮಾವನವರೇ, "ರಿವಾಲ್ವರ್ ಕೆಟ್ಟೈತಿ. ನಳಿಗಿ ಸವದೈತಿ" ಎಂದರು. ನಮ್ಮವರು ಸುಮ್ಮನಿರಲಾರದೆ, "ಅಪ್ಪಾರ, ಅದು ರಿವಾಲ್ವರ್ ಅಲ್ರಿ" ಎಂದುಬಿಟ್ಟರು. ಊಟ ಅರ್ಧಕ್ಕೆ ಬಿಟ್ಟು ಎದ್ದರು ಮಾವನವರು. ನನಗೆ ಗೊತ್ತಿದ್ದಂತೆ ಅವರು ಅನ್ನ ಬಿಟ್ಟೆದ್ದದ್ದು ಅದೊಂದೇ ಸಲ.

ಇದಕ್ಕೆ ದಾರಿ ತೋರಿಸಿದವರು ಕ್ಲಬ್ಬಿನ ಖಾದರ್ ಸಾಹೇಬರು. ಸೈನ್ಯದಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದವರು, ನಿವೃತ್ತರಾದ ಮೇಲೆ ಕ್ಲಬ್ಬಿನ ಉಸ್ತುವಾರಿ ನೋಡುತ್ತಿದ್ದರು. "ಟೇಬಲ್ ಪೆ ರಖ್ ಕೇ ಮಾರ್‌ಕೇ ದೇಖ್ ಲೇಂಗೇ ಸಾಬ್. ಕಸೂರ್ ಕಿಸ್ಕಾ ಹೈ ಮಾಲೂಮ್ ಹೋ ಜಾತಾ" ಎಂದರಂತೆ. ಅಂದರೆ, ನಿಂತು ಕೈಚಾಚಿ ಹೊಡೆಯುವ ಬದಲು ಬೆಂಚಿನ ಮುಂದೆ ಕುಳಿತು, ರಿವಾಲ್ವರನ್ನು ಒಂದು ಗಟ್ಟಿ ದಿಂಬಿನ ಮೇಲೆ ಊರಿ, ಅಲುಗಾಡದಂತೆ ಇಟ್ಟು ಹೊಡೆಯುವುದು. ಆಗ ಕೈಯ ನಡುಕ ಗುರಿಗೆ ತಾಗುವುದಿಲ್ಲ. ಆಗಲೂ ಗುಂಡುಗಳು ಚೆದುರಿದರೆ ರಿವಾಲ್ವರಿನ ತಪ್ಪು. ಒಂದೇ ಕಡೆ ಹೋದರೆ ರಿವಾಲ್ವರ್ ಸರಿಯಿದೆ, ತಪ್ಪು ಕೈಯದು. ಇಷ್ಟು ಸರಳ. ಮಾವನವರು ಮಗನನ್ನು ಕರೆದು, "ಪರೀಕ್ಷೆ ಆಗಲಿ. ರಿವಾಲ್ವರ್ ಸರಿ ಐತಿ ಅಂತಾದ್ರ ಮರುದಿನಾನ ಡಾಕ್ಟರ ಕಡೆ ಬರ್ತೀನಿ. ಅಲ್ಲೀತನಕ ನನ್ನ ಕೈ ಸುದ್ದಿ ಯಾರೂ ತಗೀಬ್ಯಾಡ್ರಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಗಿರಿಜಾ, ಒಂದು ದಿಂಬು ಹೊಲಕೊಡವಾ" ಎಂದರು.

ದಿಂಬಿನ ವಿಷಯದಲ್ಲಿ ನಾನು ಸಾಮಾನ್ಯಳಲ್ಲ. ನನ್ನ ತವರು ರಾಯಚೂರು. ಅಲ್ಲಿ ನಮ್ಮವ್ವ ಓಣಿಗೆಲ್ಲ ಕೌದಿ ಹೊಲಿಯುವ, ದಿಂಬು ತುಂಬುವ ಹೆಣ್ಣುಮಗಳು. ಬೇಸಿಗೆ ರಜೆಯಲ್ಲಿ ಪಡಸಾಲೆಯ ತುಂಬ ಹಳೆಯ ಸೀರೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಜನ ಕೂತು ಹೊಲಿಯುವಾಗ ನನ್ನನ್ನೂ ಒಂದು ಮೂಲೆಗೆ ಕೂರಿಸುತ್ತಿದ್ದಳು. ನನ್ನ ಹೊಲಿಗೆ ಕೌದಿಯ ದಾರಿ ಬಿಟ್ಟು ಎಲ್ಲೋ ಹೊರಟುಹೋಗುತ್ತಿತ್ತು. ಬಿಚ್ಚಿಸಿ ಮತ್ತೆ ಹೊಲಿಸುತ್ತಿದ್ದಳು. ಆಗಷ್ಟೇ ಹುಟ್ಟಿದ ಕೂಸುಗಳಿಗೆಂದು ಅವಳು ಸಾಸಿವೆ ದಿಂಬು ಮಾಡುತ್ತಿದ್ದಳು. ಮೆತ್ತನೆಯ ಬಟ್ಟೆಯ ಚೀಲದಲ್ಲಿ ಸಾಸಿವೆ ತುಂಬಿ ಕೂಸಿನ ತಲೆಯ ಕೆಳಗಿಟ್ಟರೆ ತಲೆ ದುಂಡಗಾಗುತ್ತದೆಂದು ನಮ್ಮ ಕಡೆ ನಂಬಿಕೆ. ನಾನು ಹುಟ್ಟಿದಾಗ ಅವಳಿಗೆ ದಿಂಬು ಮಾಡಲು ಪುರಸೊತ್ತಾಗಲಿಲ್ಲವಂತೆ. ನನ್ನ ತಲೆ ಹಿಂದುಗಡೆ ಇವತ್ತಿಗೂ ಗೋಡೆಯಷ್ಟು ಸಪಾಟು. ಫೋಟೋ ತೆಗೆಸುವಾಗ ನಾನು ಎಂದೂ ಪಕ್ಕಕ್ಕೆ ತಿರುಗುವುದಿಲ್ಲ. ನನ್ನ ತಂಗಿಯ ತಲೆ ಮಾತ್ರ ಮೋಸಂಬಿಯ ಹಾಗೆ ದುಂಡಗಿದೆ, ಅದಕ್ಕಾಗಿ ನಾನವಳನ್ನು ಈಗಲೂ ಪೂರ್ತಿ ಕ್ಷಮಿಸಿಲ್ಲ.

ನನ್ನ ಮಗ ಹುಟ್ಟಿದಾಗ ಅವ್ವ ಕಳಿಸಿದ್ದ ಸಾಸಿವೆ ದಿಂಬು ಟ್ರಂಕಿನಲ್ಲಿತ್ತು. ಇದಕ್ಕಿಂತ ಅಲುಗಾಡದ ದಿಂಬು ಲೋಕದಲ್ಲಿ ಯಾವುದಿದೆ? ಕೂಸಿನ ಮೆತ್ತನೆಯ ತಲೆಯನ್ನು ಹಿಡಿದು ನಿಲ್ಲಿಸಿದ್ದು ಕಬ್ಬಿಣದ ರಿವಾಲ್ವರನ್ನು ನಿಲ್ಲಿಸದೆ ಇರುತ್ತದೆಯೇ? ಸಾಸಿವೆ ಕಡಿಮೆ ಬೀಳಬಹುದೆಂದು ಬೇಗಂ ಬಜಾರಿನಿಂದ ಇನ್ನಷ್ಟು ತರಿಸಿದೆ. ಖಾಕಿ ಬಟ್ಟೆಯ ಚೀಲ ಹೊಲಿದು ಭರ್ತಿ ತುಂಬಿದೆ. ಮಾವನವರು ಒತ್ತಿ ನೋಡಿ "ಭಾಳ ಛಲೋ ಆಗೇತಿ" ಎಂದರು. ಒಳಗೇನಿದೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಉಸುಕು ಎಂದೇ ಅವರು ತಿಳಿದಿದ್ದರು.

ಆ ಭಾನುವಾರ "ದಿಂಬು ಹೊಲಿದವರೂ ಬರಬೇಕು" ಎಂದು ನನ್ನನ್ನು ಕರೆದುಕೊಂಡು ಹೊರಟರು. ನಾನು ಮೊದಲ ಸಲ ಕ್ಲಬ್ಬು ನೋಡಿದ್ದು. ತಗಡಿನ ಸೂರು, ಉದ್ದನೆಯ ಕಟ್ಟಿಗೆ ಬೆಂಚು, ದೂರದಲ್ಲಿ ಮಣ್ಣಿನ ದಿಬ್ಬ, ಅದರ ಮುಂದೆ ಕಾಗದ. ಖಾದರ್ ಸಾಹೇಬರು ನನ್ನ ಕಿವಿಗೆ ಹತ್ತಿ ಕೊಟ್ಟು ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿದರು. ಮಾವನವರು ಬೆಂಚಿನ ಮುಂದೆ ಕುಳಿತು, ರಿವಾಲ್ವರಿನ ಮುಂಭಾಗವನ್ನು ದಿಂಬಿನ ಮೇಲೆ ಊರಿ, ಎರಡೂ ಕೈಯಿಂದ ಹಿಡಿದು ಹೊಡೆದರು. ಒಂದು. ಎರಡು. ರಿವಾಲ್ವರಿನಲ್ಲಿ ಗುಂಡು ತಿರುಗುವ ಉರುಳೆಗೂ ನಳಿಗೆಗೂ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದೆ, ಅಲ್ಲಿಂದ ಪ್ರತಿ ಏಟಿಗೂ ಬೆಂಕಿ ಸಿಡಿಯುತ್ತದೆ ಎಂಬುದು ನನಗೆ ಆಮೇಲೆ ತಿಳಿದ ವಿದ್ಯೆ. ಆ ಸಂದು ಸರಿಯಾಗಿ ನನ್ನ ದಿಂಬಿನ ನೆತ್ತಿಯ ಮೇಲಿತ್ತು. ಮೂರನೆಯ ಏಟಿಗೆ ಖಾಕಿ ಕರಕಾಯಿತು. ನಾಲ್ಕನೆಯದಕ್ಕೆ ತೂತು ಬಿತ್ತು. ಐದನೆಯದಕ್ಕೆ ಸಾಸಿವೆ ಚಟಪಟ ಸಿಡಿಯಿತು.

ಇಡೀ ಸೂರಿನ ಕೆಳಗೆ ಘಂ ಎಂದು ಒಗ್ಗರಣೆಯ ವಾಸನೆ. ಪಕ್ಕದಲ್ಲಿ ಹೊಡೆಯುತ್ತಿದ್ದವರು ಬಂದೂಕು ಕೆಳಗಿಟ್ಟು ಮೂಗು ಎತ್ತಿದರು. ದಿಂಬಿನಿಂದ ಸಾಸಿವೆ ಧಾರೆಯಾಗಿ ಬೆಂಚಿಗೆ, ಬೆಂಚಿನಿಂದ ನೆಲಕ್ಕೆ ಇಳಿಯಿತು. ಓಡಿಬಂದ ಖಾದರ್ ಸಾಹೇಬರು ಅದರ ಮೇಲೆ ಕಾಲಿಟ್ಟು ಜಾರಿ, ಕಂಬ ತಬ್ಬಿಕೊಂಡು ಉಳಿದರು. "ಯೇ ಕ್ಯಾ ಹೈ ಸಾಬ್, ರಾಯಿ?" ಎಂದು ಸಾಸಿವೆಯತ್ತ ಬೆರಳು ತೋರಿಸಿದರು. ಮಾವನವರು ಒಂದು ಚಿಟಿಕೆ ಎತ್ತಿ ನೋಡಿದರು, ಹಿಂದಿರುಗಿ ನನ್ನನ್ನು ನೋಡಿದರು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದೆ. ಆ ಮನುಷ್ಯ ಎಷ್ಟು ನಕ್ಕರೆಂದರೆ ಕಣ್ಣಲ್ಲಿ ನೀರು ಬಂತು. ನಾನು ಬಾಗಿ ಕೈಯಿಂದ ಸಾಸಿವೆ ಬಳಿಯತೊಡಗಿದಾಗ "ಬಿಡವಾ, ಸಾಸಿವೀದೇನೂ ತಪ್ಪಿಲ್ಲ, ದಿಂಬು ನಾ ಮುಂದ ಇಟ್ಟೆ" ಎಂದರು. ಮನೆಗೆ ಬಂದು ಅತ್ತೆಗೆ ಹೇಳಿದರೆ, "ಕರಿಬೇವು ಒಯ್ಯೋದು ಬಿಟ್ಟು ಹೋದ್ರೇನ?" ಎಂದರು.

ಪರೀಕ್ಷೆ ಮುಂದಕ್ಕೆ ಹೋಯಿತು. ಮಾವನವರು ಒಂದು ವಾರ ಹಗುರಾಗಿದ್ದರು. ಹುಡುಗರಿಗೆ ಪರೀಕ್ಷೆಯ ದಿನ ರಜೆ ಸಿಕ್ಕರೆ ಹೇಗೋ ಹಾಗೆ. ಆಗ ನನಗೆ ಅರ್ಥವಾಯಿತು, ಅವರು ಈ ಪರೀಕ್ಷೆಗೆ ಹೆದರಿದ್ದಾರೆ.

ಎರಡನೆಯ ದಿಂಬಿಗೆ ಉಸುಕೇ ಬೇಕೆಂದು ಕಟ್ಟಪ್ಪಣೆಯಾಯಿತು. ಕೂಕಟ್‌ಪಲ್ಲಿಯಲ್ಲಿ ಆಗ ಎಲ್ಲಿ ನೋಡಿದರೂ ಕಟ್ಟಡ ಏಳುತ್ತಿದ್ದವು. ಪಕ್ಕದ ಮನೆ ಕಟ್ಟಿಸುವವರನ್ನು ಕೇಳಿ ಒಂದು ಬುಟ್ಟಿ ಉಸುಕು ತಂದೆ. ತೊಳೆದೆ, ಮಹಡಿಯ ಮೇಲೆ ಒಣಗಿಸಿದೆ, ಹಿಟ್ಟಿನ ಸಾಣಿಗೆಯಲ್ಲಿ ಸಾಣಿಸಿದೆ. ಆಮೇಲೆ ಎರಡು ದಿನ ರೊಟ್ಟಿ ಕರಕರ ಎಂದವು, ಅತ್ತೆಯ ಮಾತೂ ಹಾಗೇ ಇತ್ತು. ಬೆಂಕಿ ತಾಗುವ ಜಾಗಕ್ಕೆ ಮಾವನವರ ಹಳೆಯ ಆಫೀಸ್ ಬ್ಯಾಗಿನ ಚರ್ಮ ಕತ್ತರಿಸಿ ಹಚ್ಚಿದೆ. ಎಲ್ಲ ಅಚ್ಚುಕಟ್ಟಾಗಿ ನಡೆದಿತ್ತು.

ಶುಕ್ರವಾರ ಸಂಜೆ ಒಣಗಿದ ಬಟ್ಟೆ ತರಲು ಬಾಲ್ಕನಿಗೆ ಹೋದೆ. ಮಾವನವರು ನನಗೆ ಬೆನ್ನು ಮಾಡಿ ಕಟಕಟೆಯ ಹತ್ತಿರ ನಿಂತಿದ್ದರು. ಬಲಗೈಯನ್ನು ಮುಂದೆ ಚಾಚಿ ಅದನ್ನೇ ನೋಡುತ್ತಿದ್ದರು. "ಸುಮ್ನಿರಪಾ" ಎಂದರು ಕೈಗೆ. ಬೇಡಿಕೊಂಡ ಹಾಗಿತ್ತು ಆ ದನಿ. "ಎರಡು ನಿಮಿಷ ಸುಮ್ನಿರು." ನಾನು ಬಟ್ಟೆ ತರದೆ ಒಳಗೆ ಬಂದೆ. ಅಡಿಗೆಮನೆಯ ಬಾಗಿಲು ಹಾಕಿಕೊಂಡು ಒಬ್ಬಳೇ ಕಣ್ಣೀರು ಹಾಕಿದೆ. ಜನರ ತಪ್ಪನ್ನೆಲ್ಲ ಪಾತ್ರೆಪಗಡದ ಮೇಲೆ ಹಾಕಿ ನಮ್ಮನ್ನು ಕಾಪಾಡಿಕೊಂಡು ಬಂದವರಿಗೆ ಒಂದು ರಿವಾಲ್ವರಾದರೂ ತಪ್ಪಿತಸ್ಥನಾಗಿ ಉಳಿಯಲಿ ಎನ್ನಿಸಿತು. ಡಾಕ್ಟರ ಹತ್ತಿರ ಹೋಗಲೇಬೇಕೆಂದು ನನಗೂ ಗೊತ್ತಿತ್ತು. ಆದರೆ ಇನ್ನೊಂದು ತಿಂಗಳು, ಹೋಗಲಿ, ಇನ್ನೆರಡು ಭಾನುವಾರವಾದರೂ ತಡೆದು.

ಶನಿವಾರ ಚೀಲ ತುಂಬುವಾಗ ನಾನು ಮುಕ್ಕಾಲು ತುಂಬಿ ಬಾಯಿ ಹೊಲಿದುಬಿಟ್ಟೆ. ಸಡಿಲ ದಿಂಬಿನ ಮೇಲೆ ರಿವಾಲ್ವರ್ ನಿಲ್ಲುವುದಿಲ್ಲ, ಗುಂಡು ಚೆದುರುತ್ತವೆ, ಏನೂ ತಿಳಿಯುವುದಿಲ್ಲ. ಜೀವನದಲ್ಲಿ ಹೊಲಿಗೆ ಕೆಡಿಸಿದ್ದು ಬಹಳ ಸಲ, ಬೇಕೆಂದು ಕೆಡಿಸಿದ್ದು ಅದೇ ಮೊದಲು.

ಮರುದಿನ ಬೆಂಚಿನ ಮುಂದೆ ಕುಳಿತ ಮಾವನವರು ರಿವಾಲ್ವರನ್ನು ಇನ್ನೂ ಪೆಟ್ಟಿಗೆಯಿಂದ ತೆಗೆದಿರಲಿಲ್ಲ. ದಿಂಬನ್ನು ಹೆಬ್ಬೆರಳಿನಿಂದ ಒತ್ತಿದರು. ಮತ್ತೊಮ್ಮೆ ಒತ್ತಿದರು. ನನ್ನನ್ನು ಹತ್ತಿರ ಕರೆದರು.

"ಇದರಾಗ ಇನ್ನ ಎರಡು ಬೊಗಸಿ ಹಿಡೀತೈತಿ" ಎಂದರು.

"ಇಷ್ಟ ಸಾಕನಸ್ತರಿ ಮಾವಾರ."

"ಕೌದಿ ಹೊಲಿಯೋರ ಮಗಳು ನೀ. ನಿನಗ ಅಂದಾಜು ತಪ್ಪತಂದ್ರ ನಾ ನಂಬಂಗಿಲ್ಲ." ದನಿ ತಗ್ಗಿಸಿದರು. "ಬೇಕಂತ ಮಾಡೀದಿ, ಹೌದಿಲ್ಲೋ?"

ನಾನು ನೆಲ ನೋಡುತ್ತ ತಲೆಯಾಡಿಸಿದೆ.

"ಯಾಕ?"

"ಏನೂ ಗೊತ್ತಾಗಲಿಲ್ಲಂದ್ರ ನೀವು ಐತಾರಕ್ಕೊಮ್ಮೆ ಹಿಂಗ ಬರಬಹುದಲ್ರಿ" ಎಂದೆ.

ಮಾವನವರು ದಿಂಬನ್ನೆತ್ತಿ ನನ್ನ ಕೈಗಿಟ್ಟರು. ಪಕ್ಕದ ಬೆಂಚಿನಲ್ಲಿ ಯಾರೋ ಎರಡು ಗುಂಡು ಹೊಡೆದರು. ಆಮೇಲೆ ಅವರು, "ಸಾಕ್ಷಿ ತಿದ್ದಿದವರನ್ನ ನಾ ನೌಕರ್ಯಾಗ ಒಬ್ಬರನ್ನೂ ಬಿಟ್ಟಿಲ್ಲ. ನಿನ್ನ ಬಿಟ್ಟೀನಿ ಹೋಗು. ಉಸುಕು ತುಂಬಿ ತಾ" ಎಂದರು.

ಸೂರಿನ ಕಂಬಕ್ಕೆ ಬೆಂಕಿ ಆರಿಸುವ ಕೆಂಪು ಬಕೆಟ್ಟುಗಳನ್ನು ತೂಗುಹಾಕಿದ್ದರು, ತುಂಬ ಉಸುಕು. ಖಾದರ್ ಸಾಹೇಬರು ಒಂದನ್ನು ಇಳಿಸಿಕೊಟ್ಟರು. ಪರ್ಸಿನಲ್ಲಿ ಸೂಜಿ ದಾರ ಇಟ್ಟುಕೊಳ್ಳುವ ರೂಢಿ ಅವ್ವ ಕಲಿಸಿದ್ದು. ನೆಲದ ಮೇಲೆ ಕೂತು ಹೊಲಿಗೆ ಬಿಚ್ಚಿ, ಬೊಗಸೆ ಬೊಗಸೆ ಹಾಕಿ, ಕುಕ್ಕಿ, ಮತ್ತೆ ಹಾಕಿ, ಕೌದಿಯ ಒತ್ತು ಹೊಲಿಗೆಯಲ್ಲಿ ಬಾಯಿ ಮುಚ್ಚಿದೆ. ಈ ಸಲ ಒಂದು ಹೊಲಿಗೆಯೂ ದಾರಿ ತಪ್ಪಲಿಲ್ಲ. ಅಷ್ಟು ಚೆನ್ನಾಗಿ ಹೊಲಿದದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು.

ಮಾವನವರು ದಿಂಬನ್ನು ಸರಿಸಿ ಸರಿಸಿ ಜಾಗ ನೋಡಿದರು. ಈ ಸಲ ರಿವಾಲ್ವರಿನ ಹಿಡಿಯನ್ನೂ ತಮ್ಮ ಎರಡೂ ಮಣಿಕಟ್ಟುಗಳನ್ನೂ ಅದರ ಮೇಲೆ ಊರಿದರು. ಉಸಿರು ತೆಗೆದುಕೊಂಡರು, ಅರ್ಧ ಬಿಟ್ಟರು, ನಿಲ್ಲಿಸಿದರು. ಹೊಡೆದರು. ಆರು ಗುಂಡಿಗೆ ಅವಸರವಿಲ್ಲದೆ ಎಷ್ಟೋ ಹೊತ್ತು ತೆಗೆದುಕೊಂಡರು. ಎಲ್ಲರೂ ಬಂದೂಕು ಕೆಳಗಿಟ್ಟ ಮೇಲೆ ಖಾದರ್ ಸಾಹೇಬರು ಸೀಟಿ ಊದಿದರು. "ಕಾಗದ ನೀನ ತಾ" ಎಂದರು ಮಾವನವರು. ಸಾಹೇಬರ ಜೊತೆ ನಾನೂ ನಡೆದೆ. ಹದಿನೈದು ಗಜ ದೂರ ಇರಬಹುದು. ಅರ್ಧ ದಾರಿಯಿಂದಲೇ ಕಂಡಿತು. ಮೂಲೆಗಳು ಬೆಳ್ಳಗಿದ್ದವು, ಅಂಚುಗಳು ಬೆಳ್ಳಗಿದ್ದವು. ಆರೂ ತೂತು ನಡುವೆ, ಒಂದರ ಮಗ್ಗುಲಿಗೊಂದು.

ಬೆಂಚಿನ ಮೇಲೆ ಕಾಗದ ಹರಡಿದೆ. ಮಾವನವರು ಅಳತೆಯ ಪಟ್ಟಿಗಾಗಿ ಕಿಸೆ ತಡಕಿದರು. ನಾನು ಕೈಯಿಂದ ಒಂದು ಗಾಜಿನ ಬಳೆ ತೆಗೆದು ತೂತುಗಳ ಮೇಲಿಟ್ಟೆ. ಆರೂ ಬಳೆಯೊಳಗೇ ಇದ್ದವು. ಇನ್ನೂ ಜಾಗ ಉಳಿದಿತ್ತು.

"ಏಕ್‌ದಮ್ ಬಢಿಯಾ ಹೈ ಸಾಬ್ ಆಪ್ಕಾ ರಿವಾಲ್ವರ್" ಎಂದ ಖಾದರ್ ಸಾಹೇಬರು, ಹೇಳಿದ ಮೇಲೆ ತಾವು ಹೇಳಿದ್ದೇನೆಂದು ಹೊಳೆದು, ಬಕೆಟ್ಟು ತೂಗುಹಾಕುವ ನೆಪದಲ್ಲಿ ಆಚೆ ಹೋದರು.

ಮಾವನವರು ಬಳೆಯನ್ನು ನೋಡುತ್ತ ಕುಳಿತರು. ಬಲಗೈ ಇನ್ನೂ ದಿಂಬಿನ ಮೇಲಿತ್ತು. ಕಿಸೆಯ ಹೊರಗೆ ಆ ಕೈಯನ್ನು ಅಷ್ಟು ಹೊತ್ತು ನಾನು ನೋಡಿ ಎಷ್ಟೋ ತಿಂಗಳಾಗಿತ್ತು. "ನೋಡಿಲ್ಲಿ" ಎಂದರು, "ಇದರ ಮ್ಯಾಲಿಟ್ಟರ ಸುಮ್ನ ಕುಂದರ್ತೈತಿ." ನಿಜವಾಗಿಯೂ ಕೈ ಸುಮ್ಮನಿತ್ತು. ನರಗಳೆದ್ದ, ಚುಕ್ಕೆ ಬಿದ್ದ, ದುಂಡು ಅಕ್ಷರದಲ್ಲಿ ಎಷ್ಟೋ ವರದಿ ಬರೆದ ಕೈ.

"ನನಗ ಮೊದಲ ಗೊತ್ತಿತ್ತವಾ" ಎಂದರು.

"ಮತ್ತ ಇಷ್ಟೆಲ್ಲಾ ಯಾಕ ಮಾವಾರ? ಸುಮ್ನ ಡಾಕ್ಟರ ಕಡೆ ಹೋಗಬಹುದಿತ್ತಲ್ರಿ."

"ಪೆನ್ನಿಗೆ ಅಂದೆ, ಬ್ಲೇಡಿಗೆ ಅಂದೆ. ಅವು ಹೋಗ್ಲಿ. ಇದು ಮೂವತ್ತು ವರ್ಷ ನನ್ನ ಜೋಡಿ ಐತಿ, ಒಮ್ಮೆ ದಗಾ ಮಾಡಿಲ್ಲ. ಅದರ ಮ್ಯಾಲೆ ಮಂದಿ ಮುಂದ ತಪ್ಪು ಹೊರಿಸಿದೆ. ಅದಕ್ಕೇನು ಬಾಯೈತೇನು ಇಲ್ಲ ಅನ್ನಾಕ? ಹೊರಿಸಿದವ ನಾ, ತಗಿಯಾವನೂ ನಾನ ಆಗಬೇಕಲ್ಲ."

ನಾನು ಅಲ್ಲೇ ಅತ್ತುಬಿಟ್ಟೆ. ಅಪರಿಚಿತ ಗಂಡಸರು ಬಂದೂಕು ಹಿಡಿದು ನಿಂತಿದ್ದ ಕಡೆ, ಹತ್ತಿ ತುರುಕಿದ ಕಿವಿಯಲ್ಲಿ ನನ್ನ ಅಳು ನನಗೇ ದೂರದಿಂದ ಕೇಳುತ್ತಿತ್ತು. ಮಾವನವರು ಬಳೆಯನ್ನೆತ್ತಿ ನನಗೆ ಕೊಟ್ಟರು. ಕೊಡುವಾಗ ಕೈ ಮತ್ತೆ ನಡುಗಿತು. ಅವರು ಅದನ್ನು ಮರೆಮಾಡಲಿಲ್ಲ.

ಮನೆಗೆ ಹೋಗುವಾಗ ಆಟೋದಲ್ಲಿ, "ನಾಳೆ ಡಾಕ್ಟರು. ಆಮ್ಯಾಲೆ ಒಂದಿನ ಇದನ್ನ 'ಲೈಸೆನ್ಸ್ ಬ್ಯಾಡ' ಅಂತ ಬರದುಕೊಟ್ಟು ಒಪ್ಪಿಸಿ ಬರೋಣು" ಎಂದರು. ರೈತು ಬಜಾರಿನ ಹತ್ತಿರ ಆಟೋ ನಿಲ್ಲಿಸಿ ಅತ್ತೆಗೆ ಹೂವು ಕೊಂಡರು. ಮಗನ ಮುಂದೆ ಕಾಗದ ಬಿಚ್ಚಿಟ್ಟು, "ನೀ ಅಂದದ್ದು ಖರೆ" ಎಂದರು. ನಮ್ಮವರು ಗೆದ್ದವರಂತೆ ಕಾಣಲಿಲ್ಲ. ಕಾಗದವನ್ನು ನೋಡದೆಯೇ ಮಡಚಿದರು. "ನಾಳೆ ರಜಾ ಹಾಕಿ ನಾನೂ ಬರ್ತೀನ್ರಿ" ಎಂದಾಗ ಮಾವನವರು, "ಬ್ಯಾಡ, ಗಿರಿಜಾ ಬರ್ತಾಳ" ಎಂದರು.

ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಒಳ್ಳೆಯ ಮಾತಿನವರು. ಕೈ ಚಾಚಲು ಹೇಳಿದರು. ಮಾವನವರು ಎರಡೂ ಕೈಯನ್ನು ಮೇಜಿನ ಮೇಲೆ ಗಾಳಿಯಲ್ಲಿ ಚಾಚಿ ಹಿಡಿದರು. ಎಷ್ಟು ದಿನದಿಂದ ಹೀಗೆ ಎಂದು ಡಾಕ್ಟರು ತೆಲುಗಿನಲ್ಲಿ ಕೇಳಿದರು. ನಾನು ಏಳೆಂಟು ತಿಂಗಳು ಎನ್ನಬೇಕೆಂದಿದ್ದೆ. ಮಾವನವರು ಒಂದು ವರ್ಷ ಎರಡು ತಿಂಗಳು ಎಂದರು. ಮೊದಲನೆಯ ದಿನವನ್ನೂ ಹೇಳಿದರು. ಮತ್ತೆ ಇಷ್ಟು ತಡ ಯಾಕೆ ಮಾಡಿದಿರಿ ಎಂದು ಡಾಕ್ಟರು ಕೇಳಿದಾಗ ನನ್ನ ಮುಖ ನೋಡಿ, ದಖನಿಯಲ್ಲಿ, "ಇನ್‌ಕ್ವಾಯರಿ ಚಲ್ ರಹೀ ಥೀ ಸಾಬ್. ಕಲ್ ಖತಮ್ ಹುಯೀ" ಎಂದರು. ವಿಚಾರಣೆ ನಡೆದಿತ್ತಂತೆ, ನಿನ್ನೆ ಮುಗಿಯಿತಂತೆ. ಡಾಕ್ಟರಿಗೆ ಒಂದೂ ಅರ್ಥವಾಗಲಿಲ್ಲ. ಹೆದರುವಂಥದ್ದೇನಿಲ್ಲ, ವಯಸ್ಸಿಗೆ ಕೆಲವರಿಗೆ ಬರುತ್ತದೆ, ಪೂರ್ತಿ ಹೋಗುವುದಿಲ್ಲ, ಮಾತ್ರೆಯಿಂದ ಕಡಿಮೆಯಾಗುತ್ತದೆ ಎಂದು ಬರೆದುಕೊಟ್ಟರು.

ಹೊರಗೆ ಬಂದರೆ ಎದುರಿಗೆ ಬಸ್ಸು, ಆಟೋ, ಲಾರಿಗಳ ಹೊಳೆ. ಔಷಧದ ಅಂಗಡಿ ರಸ್ತೆಯ ಆಚೆ ದಡದಲ್ಲಿತ್ತು. ನಾನು ಸೆರಗು ಸಿಕ್ಕಿಸಿಕೊಂಡು ಸಂದು ಹುಡುಕುತ್ತಿದ್ದೆ. ಮಾವನವರು ಕಿಸೆಯಿಂದ ಬಲಗೈ ತೆಗೆದು ನನ್ನ ಮುಂದೆ ಹಿಡಿದರು. "ಹಿಡಿಯವಾ" ಎಂದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಮಾವನವರ ಕಾಲು ಮುಟ್ಟಿ ನಮಸ್ಕಾರ ಮಾಡಿದ್ದೆ, ಕೈಯನ್ನು ಎಂದೂ ಮುಟ್ಟಿರಲಿಲ್ಲ. ಹಿಡಿದುಕೊಂಡೆ. ಇಬ್ಬರೂ ರಸ್ತೆಗಿಳಿದೆವು. ಒಂದು ಬಸ್ಸು ಹಾರ್ನ್ ಹೊಡೆದು ನಿಂತಿತು. ಆಚೆ ಮುಟ್ಟಿದ ಮೇಲೂ ಅವರು ಬಿಡಲಿಲ್ಲ, ನಾನೂ ಬಿಡಲಿಲ್ಲ. ನಡುಗುತ್ತಿದ್ದುದು ಅವರ ಕೈಯೋ ನನ್ನದೋ ನನಗೆ ತಿಳಿಯಲಿಲ್ಲ. ಅದನ್ನು ಪರೀಕ್ಷೆ ಮಾಡಿ ನೋಡಬೇಕೆಂದು ಇಬ್ಬರಿಗೂ ಅನ್ನಿಸಲಿಲ್ಲ.